ನೆರಳು ಮಾರಿದ ರಾಣಿಯ ಕೊನೆ

ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ನಾನು ಒಂದು ಕಾದಂಬರಿ ಓದಿ ಮುಗಿಸುತ್ತೇನೆ. ತೆಳ್ಳಗಿನ ಪ್ರೇಮಕಾದಂಬರಿಯಾದರೆ ರೇಷ್ಮೆಗೆ ಬೇಕಾದ ಶಾಖ ಬರುವುದರೊಳಗೆ. ಡ್ರ್ಯಾಗನ್ನು, ಸೈನ್ಯ, ಸಿಂಹಾಸನ ಅಂತೆಲ್ಲ ಇರುವ ದಪ್ಪದ್ದಾದರೆ ಹತ್ತಿಬಟ್ಟೆಯ ಶಾಖ ಬರುವವರೆಗೆ. ಒಮ್ಮೆ ನಾನು ಪುಟ ತಿರುಗಿಸುವ ರಭಸಕ್ಕೆ ಎದ್ದ ಗಾಳಿಯಿಂದ ಎದುರಿನ ಚಪ್ಪಲಿ ಅಂಗಡಿಯ ಬೋರ್ಡು ಕಳಚಿ ಬಿತ್ತು. ಚಪ್ಪಲಿ ಅಂಗಡಿಯವನು ಇವತ್ತಿಗೂ ನನ್ನ ಮುಖ ನೋಡುವುದಿಲ್ಲ. ಬೇಕಾದರೆ ಕೇಳಿ ನೋಡಿ, ಮೊಳೆ ತುಕ್ಕು ಹಿಡಿದಿತ್ತು ಅನ್ನುತ್ತಾನೆ, ನನ್ನ ಮೇಲಿನ ಹೊಟ್ಟೆಕಿಚ್ಚಿಗೆ.

ನನ್ನದು ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದರ ಹಿಂದೊಂದು ಪರದೆ, ಪರದೆಯ ಆಚೆ ಸಂಸಾರ. ಅಂಗಡಿಯ ನಡುವೆ ಒಂದು ಗಿಡ್ಡ ಸ್ಟೂಲು. ಟ್ರಯಲ್ಲಿಗೆ ಬಂದವರನ್ನು ಅದರ ಮೇಲೆ ನಿಲ್ಲಿಸಿ, ಅರ್ಧ ಹೊಲಿದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಡಿಸಿ, ಸುತ್ತಲೂ ಗುಂಡುಸೂಜಿ ಚುಚ್ಚುತ್ತೇನೆ. ಆಮೇಲೆ ಅವರು ಅಲುಗಾಡುವ ಹಾಗಿಲ್ಲ. ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಕೇಳುಗರು ಯಾರಿಗೂ ಸಿಕ್ಕಿರಲಾರರು. ದೊಡ್ಡ ದೊಡ್ಡ ಭಾಷಣಕಾರರ ಮುಂದಿನಿಂದಲೂ ಜನ ಎದ್ದು ಹೋಗುತ್ತಾರೆ. ನನ್ನ ಮುಂದಿನಿಂದ ಒಬ್ಬರಾದರೂ ಎದ್ದು ಹೋಗಲಿ ನೋಡೋಣ, ಪಕ್ಕೆಗೆ ಸೂಜಿ ಚುಚ್ಚುತ್ತದೆ.

ಹೀಗೆ ನಿಂತವರಿಗೆಲ್ಲ ನಾನು ಹೊಸದಾಗಿ ಓದಿದ ಕಾದಂಬರಿಗಳ ಬಗ್ಗೆ ಅಭಿಪ್ರಾಯ ಕೊಡುತ್ತಿದ್ದೆ. ನನ್ನ ಅಭಿಪ್ರಾಯ ಅಂದರೆ ಅಭಿಪ್ರಾಯ. ನಾನು ಚೆನ್ನಾಗಿದೆ ಅಂದ ಪುಸ್ತಕಕ್ಕೆ ಲೈಬ್ರರಿಯಲ್ಲಿ ಸರದಿ ಹಚ್ಚುತ್ತಿದ್ದರು. ನಾನು ಮೂಗು ಮುರಿದ ಪುಸ್ತಕ ಕಪಾಟಿನಲ್ಲೇ ಕೂತು ಅತ್ತು ಅತ್ತು ಹಾಳೆ ಉಬ್ಬಿಸಿಕೊಳ್ಳುತ್ತಿತ್ತು.

ನಮ್ಮತ್ತೆಗೂ ಅಷ್ಟಿಷ್ಟು ಓದುವ ಚಟವಿದೆ. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಸೊಸೆಗೆ ಮತ್ಸರ ಅಂದಾರು. ಪರದೆಯ ಆಚೆ ಕಿಟಕಿಯ ಪಕ್ಕ ಕೂತು ಅವರು ನನ್ನ ಅಂಗಡಿಯ ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ಮಾಡಿಕೊಡುತ್ತಾರೆ. ಒಂದು ಕಾಜಾ ಹೊಲಿಯುವುದು, ತೊಡೆಯ ಮೇಲಿನ ಪುಸ್ತಕದಲ್ಲಿ ಒಂದು ಪುಟ ಓದುವುದು. ನನ್ನ ಲೈಬ್ರರಿ ಕಾರ್ಡಿನಲ್ಲಿ ನಾನು ಪುಸ್ತಕ ತಂದರೆ ಅದು ಮೊದಲು ಅವರ ತೊಡೆಗೇ ಹೋಗುತ್ತದೆ. ಹಿರಿಯರಿಗೆ ಮೊದಲು ಅನ್ನುವುದು ನಮ್ಮ ಮನೆಯ ರೀತಿ. ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ನಾನು ಕಚ್ಚಾ ಹೊಲಿಗೆ ಬಿಚ್ಚುತ್ತ ಕೂರುತ್ತೇನೆ, ಅವರು ಆವತ್ತು ಓದಿದ್ದನ್ನು ಹೇಳುತ್ತಾರೆ. ಹಿರಿಯರು ಹೇಳುವಾಗ ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ? ಮರ್ಯಾದೆಗೆ ಕೇಳಿಸಿಕೊಳ್ಳುತ್ತೇನೆ.

ಮೊದಲು ಅತ್ತೆ ಅಂಗಡಿಯಲ್ಲೇ, ನನ್ನ ಮಿಷನ್ನಿನ ಪಕ್ಕದಲ್ಲೇ ಕೂರುತ್ತಿದ್ದರು. ನಾನೇ ಅವರನ್ನು ಒಳಗೆ ಕೂರಿಸಿದೆ.

"ಬಾಗಿಲಿಂದ ಬರೋ ಗಾಳಿ ನಿಮ್ಮ ಮಂಡಿಗೆ ಆಗಲ್ಲ ಅತ್ತೆ. ಒಳಗೆ ಬೆಚ್ಚಗೆ ಕೂತ್ಕೊಳ್ಳಿ."

"ನನ್ನ ಮಂಡಿ ಏನೂ ಅಂದಿಲ್ವಲ್ಲೇ?"

"ನಿಮಗೆ ಹೇಳಲ್ಲ ಅದು. ನನಗೆ ಕೇಳಿಸುತ್ತೆ, ಕಟಕಟ ಅನ್ನುತ್ತೆ."

ಅತ್ತೆಯ ಮಂಡಿಯ ಮಾತು ಕೇಳಿಸಿಕೊಳ್ಳುವ ಸೊಸೆ ಭೂಮಿಯ ಮೇಲೆ ನಾನೊಬ್ಬಳೇ.

ಈಗ ಆ ಎರಡು ಪುಸ್ತಕಗಳ ವಿಷಯಕ್ಕೆ ಬರೋಣ. ಒಂದು ಪ್ರೇಮಕಾದಂಬರಿ, 'ಅವಳು ಬರುವ ದೋಣಿ'. ಕಥೆ ಇಷ್ಟೇ: ಒಬ್ಬ ಗಡಿಯಾರ ರಿಪೇರಿಯವನು. ಅವನ ಪ್ರೀತಿಯ ನರ್ಸು ಸಮುದ್ರದಾಚೆ ಕೆಲಸಕ್ಕೆ ಹೋಗುತ್ತಾಳೆ. ಇವನು ದಿನಾ ಸಂಜೆ ದೋಣಿಕಟ್ಟೆಗೆ ಹೋಗಿ ನಿಲ್ಲುತ್ತಾನೆ. ಕೂದಲು ನೆರೆಯುತ್ತದೆ, ಹಲ್ಲು ಉದುರುತ್ತದೆ, ಇವನು ನಿಂತೇ ಇರುತ್ತಾನೆ. ಬೇಕರಿಯಾಕೆ ಕೋಟಿನ ಟ್ರಯಲ್ಲಿಗೆ ಬಂದಾಗ ಅವಳಿಗೆ ಇದರ ಬಗ್ಗೆ ಅಭಿಪ್ರಾಯ ಕೊಟ್ಟೆ. ಬೇಕರಿಯಾಕೆಯ ಪರಿಚಯವನ್ನೂ ಮಾಡಿಬಿಡುತ್ತೇನೆ: ಬೆಳಿಗ್ಗೆ ಅವಳ ಕಿವಿಗೆ ಬಿದ್ದ ಸುದ್ದಿ ಮಧ್ಯಾಹ್ನದೊಳಗೆ ಬ್ರೆಡ್ಡಿನ ಜೊತೆ ಎಲ್ಲರ ಮನೆಗೂ ಹೋಗಿ ತಲುಪುತ್ತದೆ.

"ಓದಿ ಮೋಸ ಹೋದೆ ಕಣ್ರೀ," ಅಂದೆ, ಅವಳ ಸೊಂಟಕ್ಕೆ ಸೂಜಿ ಹಾಕುತ್ತ.

"ಯಾಕ್ರೀ? ಎಲ್ಲರೂ ಅತ್ತುಬಿಟ್ವಿ ಅಂತಾರಲ್ಲ."

"ಅಳೋದೇನ್ ಬಂತು! ಅವನ ಗಡಿಯಾರದ ಅಂಗಡಿ ಯಾರು ನೋಡ್ಕೋತಾರೆ? ದಿನಾ ಸಂಜೆ ಕದ ಹಾಕ್ಕೊಂಡು ಕಟ್ಟೆ ಮೇಲೆ ನಿಂತ್ರೆ ಗಿರಾಕಿಗಳು ಬಿಡ್ತಾರಾ? ಮತ್ತೆ ಅವಳು ಬರ್ತಾಳಲ್ಲ, ಬಂದವಳು 'ಊಟ ಆಯ್ತಾ' ಅಂತ ಒಂದು ಮಾತು ಕೇಳಲ್ಲ. ಬರೀ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾಳೆ. ಅಷ್ಟು ವರ್ಷ ನಿಂತ ಕಾಲು ಅವನದು, ಕೂರಿಸಬೇಕು ಅಂತ ಅನ್ನಿಸಬೇಡ್ವಾ?"

"ಅಯ್ಯೋ ಹೌದಲ್ರೀ!"

ಆಗ ನನ್ನ ಬಾಯಿಂದ ಆ ಮಾತು ಬಂತು, ಊರಲ್ಲೆಲ್ಲ ಹೆಸರು ಮಾಡಿದ ಮಾತು. "ಕಾಯೋ ಗಂಡಸು ಪುಸ್ತಕದಲ್ಲಿ ಮಾತ್ರ ಸಿಗ್ತಾನೆ ಕಣ್ರೀ. ನಮ್ಮನೇಲಿರೋರು ಇದಾರಲ್ಲ, ಟೀ ಆರೋವರೆಗೂ ಕಾಯಲ್ಲ. ಒಲೆ ಮುಂದಿಂದ ನಾನು ತಿರುಗೋದ್ರೊಳಗೆ ಹೊರಟೇಬಿಟ್ಟಿರ್ತಾರೆ!"

ಬೇಕರಿಯಾಕೆ ಎಷ್ಟು ನಕ್ಕಳು ಅಂದರೆ ನಾನು ಚುಚ್ಚಿದ್ದ ಸೂಜಿಗಳೆಲ್ಲ ಹಾರಿ ಹೋಗಿ ಗೋಡೆಗೆ ನಾಟಿಕೊಂಡವು. ಸರಿ, ಒಂದು ಸೂಜಿ ನೆಲಕ್ಕೆ ಬಿತ್ತು. ಅವಳು ಹೋದ ಮೇಲೆ ಅದನ್ನು ಹುಡುಕಲು ಬಗ್ಗಿದಾಗ ಪರದೆಯ ಕೆಳಗೆ ಒಂದು ಲೋಟ ಕಂಡಿತು. ಟೀ. ನನಗಾಗಿ ಅತ್ತೆ ತಂದದ್ದು. ಕರೆಯದೆ, ಕೊಡದೆ, ನೆಲದ ಮೇಲಿಟ್ಟು ಹೋಗಿದ್ದರು. ಕೆನೆ ಕಟ್ಟಿ ತಣ್ಣಗಾಗಿತ್ತು. ವಯಸ್ಸಾಯಿತು ಪಾಪ, ಮರೆವು ಅಂದುಕೊಂಡೆ.

ಇನ್ನೊಂದು ಪುಸ್ತಕ 'ನೆರಳು ಮಾರಿದ ರಾಣಿ'. ಕಾಲಡಿಗೆ ಹಾಕಿ ನಿಂತರೆ ಅಟ್ಟ ಕೈಗೆಟಕುತ್ತದೆ, ಅಷ್ಟು ದಪ್ಪ. ಒಬ್ಬ ಬಡ ಹುಡುಗಿ ತನ್ನ ನೆರಳನ್ನು ಡ್ರ್ಯಾಗನ್ನಿಗೆ ಕೊಟ್ಟು ಅದರ ಬದಲಿಗೆ ಸಿಂಹಾಸನ ಪಡೆಯುತ್ತಾಳೆ. ಆಮೇಲೆ ಯುದ್ಧ, ಬೆಂಕಿ, ಹಾರುವ ಕುದುರೆ, ನಾಲಿಗೆ ತಿರುಗದ ಹೆಸರುಗಳು. ಇದರ ಬಗ್ಗೆ ನನ್ನ ಅಭಿಪ್ರಾಯ ಮೊದಲಿನಿಂದಲೂ ಖಡಕ್ಕಾಗಿತ್ತು. ಆ ರಾಣಿ ಬಿಳಿ ಗೌನು ತೊಟ್ಟುಕೊಂಡು ಕೆಸರಿನಲ್ಲಿ ಯುದ್ಧ ಮಾಡುತ್ತಾಳೆ, ಬೂದಿಯಲ್ಲಿ ಹೊರಳುತ್ತಾಳೆ, ನದಿ ಈಜುತ್ತಾಳೆ, ಹೊರಗೆ ಬಂದರೆ ಗೌನು ಹಾಲಿನ ಹಾಗೆ! ಒಂದು ಹೊಲಿಗೆ ಬಿಟ್ಟಿಲ್ಲ, ಒಂದು ಅಂಚು ಎದ್ದಿಲ್ಲ. ಹೋಗಲಿ, ಆ ಗೌನಿಗೆ ಜೇಬಿಲ್ಲ. ಪುಟಕ್ಕೊಂದು ಸಲ ಕಠಾರಿ ತೆಗೆಯುತ್ತಾಳಲ್ಲ, ಎಲ್ಲಿಂದ ತೆಗೆಯುತ್ತಾಳೆ? ಆ ರಾಜ್ಯದ ದರ್ಜಿ ಕೈಗೆ ಸಿಕ್ಕರೆ ನಾಲ್ಕು ಮಾತು ಕೇಳುವವಳಿದ್ದೇನೆ. ಈ ಮಾತನ್ನು ಮೊದಲು ಅತ್ತೆಯ ಹತ್ತಿರ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಿದ್ದರು.

ಒಂದು ದಿನ ಲೈಬ್ರರಿ ಮೇಡಂ ಅಂಗಡಿಗೇ ಬಂದರು. ಮಾತಿಗೊಮ್ಮೆ ತುಟಿಯ ಮೇಲೆ ಬೆರಳಿಡುವ ಅಭ್ಯಾಸವಿರುವುದರಿಂದ ಅವರಿಗೆ 'ಶ್ ಮೇಡಂ' ಅಂತ ಹೆಸರು.

"ನೀವು ಹೇಳೋದು ಕೇಳ್ಕೊಂಡು ಬಂದು ಪುಸ್ತಕ ಒಯ್ಯೋರೇ ಜಾಸ್ತಿ ಆಗಿದಾರೆ," ಅಂದರು. "ಭಾನುವಾರ ಓದುಗರ ಸಭೆ ಇದೆ. ಈ ಸಲ 'ನೆರಳು ಮಾರಿದ ರಾಣಿ'. ನೀವೇ ಮುಖ್ಯವಾಗಿ ಮಾತಾಡಬೇಕು. ಬೋರ್ಡಲ್ಲಿ ಹಾಕಿಬಿಟ್ಟಿದೀನಿ."

ನನ್ನ ಎದೆ ಉಬ್ಬಿದ ಉಬ್ಬಿಗೆ ನನ್ನದೇ ಅಂಗಿಯ ಅಳತೆ ಬದಲಾಯಿಸಬೇಕಾಯಿತು. ಇಷ್ಟು ವರ್ಷ ಎಲ್ಲರ ಬಾಯಲ್ಲೂ ನಾನು ಬರೀ ಟೈಲರಮ್ಮ. ಸೊಂಟದ ಅಳತೆ ಹೇಳುವವರು ಉಂಟು, ಮನಸ್ಸಿನಲ್ಲಿರುವುದನ್ನು ಕೇಳುವವರು ಯಾರೂ ಇರಲಿಲ್ಲ. ಭಾನುವಾರ ಗೆದ್ದರೆ ಓದಿಕೊಂಡವಳು ಅನ್ನಿಸಿಕೊಳ್ಳುತ್ತೇನೆ. ಎಡವಿದರೆ ಬೇಕರಿಯಾಕೆ ಇದ್ದೇ ಇದ್ದಾಳೆ, ಬ್ರೆಡ್ಡಿನ ಜೊತೆ ನನ್ನ ಮಾನವೂ ಮನೆಮನೆಗೆ ಹೋಗುತ್ತದೆ.

ಒಂದು ಸಣ್ಣ ತೊಂದರೆಯಿತ್ತು. ಅತ್ತೆ ಆ ಪುಸ್ತಕದ ಕೊನೆಯನ್ನು ಇನ್ನೂ ಹೇಳಿರಲಿಲ್ಲ. ಟೀ ಮರೆತ ಆ ದಿನದಿಂದ ಅವರು ಸಂಜೆ ಹೊತ್ತು ತಲೆನೋವು ಅನ್ನುತ್ತಿದ್ದರು, ದೀಪ ಕಣ್ಣಿಗೆ ಹೊಡೆಯುತ್ತದೆ ಅನ್ನುತ್ತಿದ್ದರು, ಬೇಗ ಮಲಗುತ್ತಿದ್ದರು. ಶನಿವಾರ ಸಂಜೆ ನಾನೇ ಹೋಗಿ ಪಕ್ಕದಲ್ಲಿ ಕೂತೆ.

"ಅತ್ತೆ, ಆ ರಾಣಿ ಕಥೆ ಮುಗಿಸಿದ್ರಾ?"

"ಮುಗೀತು."

"ಕೊನೇಲಿ ಏನಾಗುತ್ತೆ?"

"ನೀನೇ ಮಾತಾಡೋಳಲ್ವೇ ನಾಳೆ? ಓದಿರ್ತೀಯಲ್ಲ."

"ಓದಿದೀನಿ, ಓದಿದೀನಿ. ಇಸ್ತ್ರಿಪೆಟ್ಟಿಗೆ ಬೇಗ ಕಾದುಬಿಡ್ತು, ಕೊನೆ ಸ್ವಲ್ಪ ಮಸುಕಾಗಿದೆ. ನೀವು ಸರಿಯಾಗಿ ಓದಿದೀರಾ ಅಂತ ನೋಡೋಣ ಅಂತ ಕೇಳಿದೆ."

ಅತ್ತೆ ಕೈಯಲ್ಲಿದ್ದ ಕಾಜಾ ಮುಗಿಸಿ, ದಾರ ಕಡಿದು, ಸೂಜಿಯನ್ನು ದಿಂಬಿಗೆ ಚುಚ್ಚಿದರು. ಆಮೇಲೆ ಹೇಳಿದರು. ಅಬ್ಬಾ, ಆ ದಿನ ಹೇಳಿದ ಹಾಗೆ ಅವರು ಎಂದೂ ಹೇಳಿರಲಿಲ್ಲ.

"ಆ ನೆರಳು ಡ್ರ್ಯಾಗನ್ ಹತ್ರ ಇರಲೇ ಇಲ್ಲ ಕಣೇ. ಅರಮನೆಯಲ್ಲೇ ಇತ್ತು. ಸಿಂಹಾಸನದ ಹಿಂದೆ ಒಂದು ಪರದೆ, ಅದರ ಆಚೆ ಕೂರಿಸಿದ್ಲು ರಾಣಿ. 'ಬಿಸಿಲು ನಿನಗೆ ಆಗಲ್ಲ, ಕರಗಿ ಹೋಗ್ತೀಯ' ಅಂತ ಹೇಳಿ. ಸಭೇಲಿ ಯಾರು ಏನು ಕೇಳಿದ್ರೂ ಉತ್ತರ ಪಿಸುಗುಟ್ತಿದ್ದಿದ್ದು ಆ ನೆರಳೇ. ರಾಣಿ ಅದನ್ನ ಗಟ್ಟಿಯಾಗಿ ಹೇಳೋಳು. ಜನ ಆಹಾ ಅನ್ನೋರು, ನಮ್ಮ ರಾಣಿಯಷ್ಟು ಬುದ್ಧಿವಂತೆ ಇಲ್ಲ ಅನ್ನೋರು."

"ಥೂ! ಆಮೇಲೆ?"

"ಒಂದಿನ ನೆರಳು ತನ್ನ ಸಂಕಟ ಹೇಳ್ಕೊಳ್ತು. ಯಾರಿಗೂ ಹೇಳದೇ ಇದ್ದದ್ದು. ರಾಣಿ ಅದನ್ನೂ ತಗೊಂಡು ಹೋಗಿ ಸಭೇಲಿ ತಮಾಷೆ ಮಾಡಿ ಹೇಳಿದ್ಲು. ಎಲ್ಲರೂ ನಕ್ಕರು. ನೆರಳು ಪರದೆ ಹಿಂದೆ ನಿಂತು ಆ ನಗು ಕೇಳಿಸ್ಕೊಳ್ತು."

"ಅಯ್ಯೋ ಪಾಪಿ! ನೆರಳು ಸುಮ್ಮನಿತ್ತಾ?"

"ಮಾರನೇ ದಿನದಿಂದ ಅದು ಮಾತಾಡಲಿಲ್ಲ. ಸಭೇಲಿ ರಾಣಿ ಬಾಯಿ ತೆಗೆದ್ಲು, ಬರೀ ಗಾಳಿ ಬಂತು. ಅಷ್ಟೇ. ಮುಗೀತು."

ನನ್ನ ಮೈ ಉರಿದುಹೋಯಿತು. ನಂಬಿದವರ ಕತ್ತು ಕೊಯ್ಯುವುದು ಅಂದರೆ ಇದೇ ಅಲ್ಲವೇ? ಆ ರಾತ್ರಿ ನಿದ್ದೆ ಬರಲಿಲ್ಲ. ಯಾವ ರಾಣಿಯ ಕಥೆಯನ್ನು ಇಷ್ಟು ದಿನ ನಾನು ಬಾಯಿತುಂಬ ಹೇಳಿದ್ದೆನೋ, ಯಾರ ಗೌನಿಗೆ ಜೇಬಿಲ್ಲ ಅಂತ ಮರುಗಿದ್ದೆನೋ, ಅವಳು ಇಂಥ ಕಳ್ಳಿಯೇ! ಕಾದಂಬರಿ ಬರೆದವರು ನನ್ನನ್ನು ನಡುನೀರಲ್ಲಿ ಕೈಬಿಟ್ಟರು ಅನ್ನಿಸಿತು. ನಾಳೆ ಆ ರಾಣಿಯನ್ನು ಸಭೆಯ ಮುಂದೆ ನೂಲು ನೂಲಾಗಿ ಬಿಚ್ಚಿ ಹಾಕುತ್ತೇನೆ ಅಂತ ಹಾಸಿಗೆಯಲ್ಲೇ ನಿರ್ಧಾರ ಮಾಡಿದೆ.

ಭಾನುವಾರ ಹೊರಡುವಾಗ ಅತ್ತೆಯೂ ಚಪ್ಪಲಿ ಮೆಟ್ಟಿದರು.

"ನೀವು ಯಾಕೆ ಅತ್ತೆ? ಅಷ್ಟು ದೂರ, ಮಂಡಿ ನೋವು..."

"ಮಂಡಿ ನನ್ನದು ಕಣೇ. ನಾನು ನೋಡ್ಕೋತೀನಿ."

ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದರು.

ಲೈಬ್ರರಿಯ ಓದುವ ಕೋಣೆ. ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಎಷ್ಟು ಜನ ಸೇರಿದ್ದರೆಂದರೆ ಕಿಟಕಿಯ ಗಾಜಿನ ಮೇಲೂ ಜನ ಅಂಟಿಕೊಂಡಿದ್ದರು ಅಂತ ಹೇಳುವ ಆಸೆ ನನಗೆ. ಮುಂದಿನ ಸಾಲು ತುಂಬಿತ್ತು, ಅಷ್ಟು ನಿಜ. ಬೇಕರಿಯಾಕೆ ನಾನು ಹೊಲಿದ ಕೋಟು ಹಾಕಿಕೊಂಡು ನಡುಮಧ್ಯ ಕೂತಿದ್ದಳು. ಅವಳ ಪಕ್ಕ ಲೆಕ್ಕದ ಮೇಷ್ಟ್ರು. ನಿವೃತ್ತರಾದ ಮೇಲೆ ಕಾದಂಬರಿಗಳಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಅತ್ತೆ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತರು.

ಗೌನಿನಿಂದ ಶುರು ಮಾಡಿದೆ. ಕಠಾರಿ ಎಲ್ಲಿಂದ ಬಂತು ಅಂದಾಗ ಮೇಷ್ಟ್ರೇ ತೊಡೆ ತಟ್ಟಿಕೊಂಡು ನಕ್ಕರು. ಪ್ರೇಮಕಾದಂಬರಿಯನ್ನೂ ಎಳೆದು ತಂದೆ, ದೋಣಿಕಟ್ಟೆಯವನ ಕಾಲುನೋವನ್ನು ವಿಚಾರಿಸಿದೆ, ಚಪ್ಪಾಳೆ. "ಆ ಟೀ ಮಾತು ಹೇಳ್ರೀ, ಟೀ ಮಾತು!" ಅಂತ ಬೇಕರಿಯಾಕೆ ಕೂಗಿದಳು. ಹೇಳಿದೆ. ಮತ್ತೆ ನಗು. ಆ ನಗುವಿನ ಅಲೆ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಯಿತು. ಕೊನೆಯ ಸಾಲಿನ ಗೋಡೆಯ ಹತ್ತಿರ ಮಾತ್ರ ನಿಂತುಹೋಯಿತು. ಶ್ ಮೇಡಂ ತುಟಿಯ ಮೇಲೆ ಬೆರಳಿಡುವುದನ್ನೇ ಮರೆತಿದ್ದರು.

ಆಮೇಲೆ ಕೊನೆಗೆ ಬಂದೆ.

"ಇಷ್ಟೆಲ್ಲ ಆದಮೇಲೆ ಆ ರಾಣಿ ಏನು ಮಾಡಿದ್ಲು ನೋಡಿ! ತನ್ನ ನೆರಳನ್ನೇ ಪರದೆ ಹಿಂದೆ ಕೂರಿಸಿ ಅದರ ಮಾತು ಕದ್ದು ಮೆರೆದಳಲ್ಲ, ನಾಚಿಕೆ ಬೇಡ್ವಾ ಅವಳಿಗೆ? ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರ್ಕೊಂಡ ಹಾಗೆ! ಹೋಗಲಿ, ಬುದ್ಧಿಮಾತು ಕದ್ದಳು. ಅದರ ಸಂಕಟವನ್ನೂ ಕದ್ದು ನಗೆಚಾಟಿಕೆ ಮಾಡೋದಾ? ನಂಬಿ ಹೇಳ್ಕೊಂಡಿದ್ದು ಅದು! ಇಂಥವಳಿಗೆ ಸಿಂಹಾಸನ ಅಲ್ಲ, ನನ್ನ ಅಂಗಡಿ ಸ್ಟೂಲೂ ಕೊಡಬಾರದು!"

ಚಪ್ಪಾಳೆಗಾಗಿ ಕಾದೆ.

ಲೆಕ್ಕದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಇದು ಯಾವ ಪುಟದಲ್ಲಿದೆ ತಾಯಿ?"

"ಕೊನೇಲಿ ಸಾರ್. ಕೊನೇ ಪುಟದಲ್ಲಿ."

"ಕೊನೇಲಿ ಅವಳು ಡ್ರ್ಯಾಗನ್ ಗುಹೆಯ ಬಾಗಿಲು ತೆಗೀತಾಳೆ. 'ಮುಂದಿನ ಭಾಗದಲ್ಲಿ' ಅಂತ ಅಚ್ಚಾಗಿದೆ. ಮುಗಿದುಹೋಯ್ತು. ಅದನ್ನ ಬೈಯೋಕೇ ನಾವೆಲ್ಲ ಬಂದಿರೋದು. ಅಷ್ಟು ಪುಟ ಓದಿಸಿ ಬಾಗಿಲಲ್ಲಿ ನಿಲ್ಲಿಸಿಬಿಟ್ಟರಲ್ಲ ಅಂತ."

"ಕೊನೆಯೇ ಇಲ್ವಲ್ರೀ ಆ ಪುಸ್ತಕಕ್ಕೆ!" ಅಂದಳು ಬೇಕರಿಯಾಕೆ.

ನಾನು ಸುಲಭಕ್ಕೆ ಸೋಲುವವಳಲ್ಲ. "ನಾನು ಓದಿದ್ದು ಬೇರೆ ಮುದ್ರಣ," ಅಂದೆ.

"ನೀವು ಒಯ್ದಿದ್ದೂ ಇದೇ ಪ್ರತಿ," ಅಂದರು ಶ್ ಮೇಡಂ, ಪುಸ್ತಕ ಎತ್ತಿ ತೋರಿಸುತ್ತ. "ನಮ್ಮಲ್ಲಿರೋದೇ ಒಂದು. ಸರದಿ ಮೇಲೆ ಎಲ್ಲರೂ ಇದನ್ನೇ ಓದಿದ್ದು."

ಸೊಸೆಯನ್ನು ತುಂಬಿದ ಸಭೆಯಲ್ಲಿ ಹೀಗೆ ಹಳ್ಳಕ್ಕೆ ತಳ್ಳುವುದೇ? ನಂಬಿ ಕೇಳಿದ್ದಕ್ಕೆ ಇಲ್ಲದ ಕಥೆ ಕಟ್ಟಿ ಕೊಡುವುದೇ? ಇವರ ಮಂಡಿಯ ಸದ್ದನ್ನು ಕೂಡ ಕೇಳಿಸಿಕೊಂಡವಳು ನಾನು! ಕಣ್ಣಲ್ಲಿ ನೀರು ಚಿಮ್ಮಿತು. ನಂಬಿಕೆದ್ರೋಹ ಅಂತ ಕೂಗಬೇಕು ಅನ್ನಿಸಿ ಕೊನೆಯ ಸಾಲಿನ ಕಡೆ ನೋಡಿದೆ.

ಅತ್ತೆ ನನ್ನನ್ನೇ ನೋಡುತ್ತಿದ್ದರು. ನಗಲಿಲ್ಲ, ಮುಖ ತಿರುಗಿಸಲಿಲ್ಲ. ಅಳತೆ ತೆಗೆಯುವಾಗ ನೋಡುವ ಹಾಗೆ ಸುಮ್ಮನೆ ನೋಡುತ್ತಿದ್ದರು. ಆಗ ಒಂದೊಂದಾಗಿ ಬಂದವು: ಪರದೆ. ಬಿಸಿಲು ಆಗಲ್ಲ, ಗಾಳಿ ಆಗಲ್ಲ. ನೆಲದ ಮೇಲೆ ಆರಿಹೋದ ಟೀ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನಾದರೋ ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡೇ ಕಳ್ಳಿಯನ್ನು ಹಿಡಿಯಿರಿ ಅಂತ ಊರಿಗೆಲ್ಲ ಡಂಗುರ ಸಾರಿದ್ದೆ.

"ಟೈಲರಮ್ಮ, ಪುಸ್ತಕ ಓದಿದೀರಾ ಇಲ್ವಾ?" ಮೇಷ್ಟ್ರು ಕೇಳಿದರು. ಗದರಿಸಲಿಲ್ಲ, ಮೆಲ್ಲಗೆ ಕೇಳಿದರು. ಗದರಿಸಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೇನೋ.

"ಇಲ್ಲ," ಅಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಇಲ್ಲ ಸಾರ್. ಇದನ್ನಷ್ಟೇ ಅಲ್ಲ, ಯಾವುದನ್ನೂ ಓದಿಲ್ಲ. ಎಲ್ಲಾ ಓದೋರು ನಮ್ಮತ್ತೆ. ಅಲ್ಲಿ ಗೋಡೆ ಹತ್ರ ಕೂತಿದಾರಲ್ಲ, ಅವರು. ಅವರು ಸಂಜೆ ನನಗೆ ಹೇಳ್ತಾರೆ, ಬೆಳಿಗ್ಗೆ ನಾನು ನಿಮಗೆ ಹೇಳ್ತೀನಿ. ಅವರ ಮಂಡಿ ಗಟ್ಟಿಯಾಗೇ ಇದೆ. ಅಂಗಡೀಲಿ ಕೂತಿದ್ರೆ ನಿಮ್ಮ ಜೊತೆ ಅವರೇ ಮಾತಾಡಿಬಿಡ್ತಾರೆ ಅಂತ ಒಳಗೆ ಕೂರಿಸಿದ್ದೆ."

ಎಲ್ಲರೂ ತಿರುಗಿ ನೋಡಿದರು. ಬೇಕರಿಯಾಕೆಯ ಬಾಯಿ ತೆರೆದದ್ದು ಹಾಗೇ ಇತ್ತು.

"ಆ ಟೀ ಮಾತು," ಅಂದೆ. ಇದನ್ನು ಹೇಳುವುದೇ ಕಷ್ಟವಾಯಿತು. "ಅದೂ ನನ್ನದಲ್ಲ. ತಮಾಷೆಯೂ ಅಲ್ಲ. ನಮ್ಮ ಮಾವ ಒಂದಿನ ಬೆಳಿಗ್ಗೆ ಟೀ ಕೇಳಿದ್ರಂತೆ. ಅತ್ತೆ ಮಾಡಿ ತರೋವಷ್ಟರಲ್ಲಿ ಕುರ್ಚೀಲೇ ಹೋಗಿಬಿಟ್ಟಿದ್ರು. ಆ ದೋಣಿ ಪುಸ್ತಕ ಮುಗಿಸಿದ ದಿನ ಅದನ್ನ ತೊಡೆ ಮೇಲೆ ಮುಚ್ಚಿಟ್ಟು ಹೇಳಿದ್ರು, 'ಕಾಯೋ ಗಂಡಸು ಪುಸ್ತಕದಲ್ಲಿ ಮಾತ್ರ ಸಿಗ್ತಾನೆ ಕಣೇ, ನಮ್ಮೋರು ಟೀ ಆರೋವರೆಗೂ ಕಾಯಲಿಲ್ಲ' ಅಂತ. ನಾನು ಅದನ್ನ ಬಿಚ್ಚಿ ನನ್ನ ಗಂಡನ ಅಳತೆಗೆ ಹೊಲಿದು ನಿಮಗೆಲ್ಲ ಮಾರಿದೆ. ನೀವು ನಕ್ಕಿದ್ದು ಅದಕ್ಕೆ. ನನ್ನ ಗಂಡ ಪಾಪ, ದಿನಾ ಟೀ ಆರಿಸ್ಕೊಂಡೇ ಕುಡಿಯೋದು."

ಬೇಕರಿಯಾಕೆ ಕೋಟಿನ ಗುಂಡಿ ತಿರುಚುತ್ತ ನೆಲ ನೋಡಿದಳು. ಆ ಗುಂಡಿಯ ಕಾಜಾ ಕೂಡ ಅತ್ತೆಯೇ ಹೊಲಿದದ್ದು.

ಕೊನೆಯ ಸಾಲಿನಿಂದ ಅತ್ತೆಯ ದನಿ ಬಂತು. "ಗೌನಿನ ಮಾತು ನಿನ್ನದೇ ಅಲ್ವೇನೇ? ಅದನ್ನೂ ನನ್ನ ತಲೆಗೆ ಕಟ್ಟಬೇಡ."

"ಹೌದು," ಅಂದೆ. "ಗೌನು ಒಂದು ನನ್ನದು. ಕಠಾರಿಗೆ ಜೇಬಿಲ್ಲ ಅಂದಿದ್ದು ನಾನೇ. ಅದೂ ನೀವು ಕಥೆ ಹೇಳಿದ್ದಕ್ಕೆ ಹೊಳೆದದ್ದು ಅತ್ತೆ."

ಅವರು ಎದ್ದು ಬಂದು ನನ್ನ ಪಕ್ಕ ನಿಲ್ಲಲಿಲ್ಲ. ಮುಂದಿನ ಸಾಲಿನ ಒಂದು ಕುರ್ಚಿಯನ್ನು ಮೇಷ್ಟ್ರು ಖಾಲಿ ಮಾಡಿ ಕರೆದಾಗ ಅಲ್ಲಿಗೆ ಬಂದು ಕೂತರು, ಅಷ್ಟೇ.

ಆ ಇಸ್ತ್ರಿಪೆಟ್ಟಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಮ್ಮೆ ನಿಜವಾಗಿಯೂ ಪ್ರಯತ್ನ ಮಾಡಿದ್ದೆ. 'ನೆರಳು ಮಾರಿದ ರಾಣಿ' ತೆರೆದು ಕೂತೆ. ಮೊದಲಿಗೇ ಒಂದು ನಕ್ಷೆ: ಬೆಟ್ಟ, ನದಿ, ಕೋಟೆ. ಅದನ್ನು ನೋಡುತ್ತ ನೋಡುತ್ತ ನಿದ್ದೆ ಬಂತು. ಎದ್ದಾಗ ಇಸ್ತ್ರಿಪೆಟ್ಟಿಗೆ ಕಾದು ಬೇಕರಿಯಾಕೆಯ ಕೋಟಿನ ಲೈನಿಂಗ್ ಸುಟ್ಟುಹೋಗಿತ್ತು. ರಾತ್ರಿ ಕೂತು ಅದನ್ನು ಬದಲಾಯಿಸಿ ಹೊಲಿದವರೂ ನಮ್ಮತ್ತೆಯೇ.